ಕ್ರೈಸ್ತರಲ್ಲಿ ಒಂದು ವ್ಯಾಪಾರಿ ಸಮಾಜ: ಕ್ವೇಕರರ ನಂಬಿಕೆ, ನಿಯಮ ಮತ್ತು ಬದುಕು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4 ಲಕ್ಷ 40 ಸಾವಿರ. ಇಡೀ ಜಗತ್ತಿನ ಕ್ವೇಕರರನ್ನು ಒಟ್ಟುಗೂಡಿಸಿದರೂ ಹೆಚ್ಚುಕಡಿಮೆ ಅಷ್ಟೇ ಜನ, 4 ಲಕ್ಷದ ಆಸುಪಾಸು. ಇನ್ನೂರು ಕೋಟಿ ದಾಟಿರುವ ಕ್ರೈಸ್ತರ ನಡುವೆ ಇದು ಲೆಕ್ಕಕ್ಕೆ ಬಾರದ ಸಂಖ್ಯೆ. ಆದರೆ ಬಾರ್ಕ್ಲೇಸ್ ಬ್ಯಾಂಕ್, ಲಾಯ್ಡ್ಸ್ ಬ್ಯಾಂಕ್, ಕ್ಯಾಡ್ಬರಿ ಚಾಕೊಲೇಟ್, ಕ್ಲಾರ್ಕ್ಸ್ ಪಾದರಕ್ಷೆ ಎಂಬ ಹೆಸರುಗಳ ಮೂಲ ಹುಡುಕುತ್ತಾ ಹೋದರೆ ಸಿಗುವುದು ಈ ಪುಟ್ಟ ಸಮಾಜದ ಕುಟುಂಬಗಳೇ. ಯುದ್ಧ ಬೇಡ, ಆಣೆ ಬೇಡ, ಆಡಂಬರ ಬೇಡ, ವ್ಯಾಪಾರದಲ್ಲಿ ಎರಡು ಮಾತು ಬೇಡ ಎಂದು ಮುನ್ನೂರೈವತ್ತು ವರ್ಷಗಳಿಂದ ಹೇಳಿಕೊಂಡು ಬಂದವರು ಇವರು. ಅಣುವ್ರತಗಳನ್ನು ಕೇಳಿ ಬೆಳೆದ ಜೈನ ಕುಟುಂಬಗಳಿಗೆ ಇವರ ಕಥೆಯಲ್ಲಿ ಪರಿಚಿತವೆನಿಸುವ ಸಂಗತಿಗಳು ಬಹಳ. ತೀರಾ ಬೇರೆ ಎನಿಸುವವೂ ಇವೆ.

ಮೊದಲೇ ಒಂದು ಗೊಂದಲ ಬಗೆಹರಿಯಲಿ. ಕಿರಾಣಿ ಅಂಗಡಿಗಳಲ್ಲಿ ಕಾಣುವ 'ಕ್ವೇಕರ್ ಓಟ್ಸ್'ಗೂ ಈ ಸಮಾಜಕ್ಕೂ ಸಂಬಂಧವಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಒಂದು ಗಿರಣಿಯವರು 1877ರಲ್ಲಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಗಿರಣಿಯವರು ಕ್ವೇಕರರಲ್ಲ. ಕ್ವೇಕರ್ ಎಂದರೆ ಕಲಬೆರಕೆ ಇಲ್ಲ, ಮೋಸ ಇಲ್ಲ ಎಂಬ ನಂಬಿಕೆ ಜನರಲ್ಲಿತ್ತು, ಆ ನಂಬಿಕೆಯನ್ನು ಡಬ್ಬಿಯ ಮೇಲೆ ಅಂಟಿಸಿಕೊಂಡರು ಅಷ್ಟೇ. ಒಂದು ಸಮಾಜದ ಹೆಸರೇ ಬೇರೆಯವರಿಗೆ ಬಂಡವಾಳವಾಗಬೇಕಾದರೆ ಆ ಹೆಸರು ಎಷ್ಟು ಗಟ್ಟಿಯಾಗಿದ್ದಿರಬೇಕು ಎಂಬುದನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಇವರ ಅಧಿಕೃತ ಹೆಸರು 'ರಿಲಿಜಿಯಸ್ ಸೊಸೈಟಿ ಆಫ್ ಫ್ರೆಂಡ್ಸ್', ಅಂದರೆ ಮಿತ್ರರ ಧಾರ್ಮಿಕ ಸಮಾಜ. ಒಬ್ಬರನ್ನೊಬ್ಬರು 'ಫ್ರೆಂಡ್' ಎಂದೇ ಕರೆದುಕೊಳ್ಳುತ್ತಾರೆ. ಕ್ವೇಕರ್ ಎಂದರೆ ನಡುಗುವವನು. ಅದು ಬೈಗುಳವಾಗಿ ಬಂದದ್ದು. 1650ರಲ್ಲಿ ಇಂಗ್ಲೆಂಡಿನ ಡರ್ಬಿ ಊರಿನ ನ್ಯಾಯಾಧೀಶರೊಬ್ಬರ ಮುಂದೆ ನಿಂತಿದ್ದ ಜಾರ್ಜ್ ಫಾಕ್ಸ್, ದೇವರ ಮಾತಿಗೆ ನಡುಗಿರಿ ಎಂದರಂತೆ. ನ್ಯಾಯಾಧೀಶರು ಗೇಲಿ ಮಾಡಿ ಇಟ್ಟ ಹೆಸರು ಕೊನೆಗೆ ಅವರಿಗೇ ಉಳಿಯಿತು.

ಜಾರ್ಜ್ ಫಾಕ್ಸ್ ಈ ಪಂಥದ ಸ್ಥಾಪಕರು. 1624ರಲ್ಲಿ ಲೆಸ್ಟರ್‌ಶೈರ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ನೇಕಾರರ ಮನೆಯಲ್ಲಿ ಹುಟ್ಟಿದರು. ಚಪ್ಪಲಿ ಹೊಲಿಯುವ, ಉಣ್ಣೆ ವ್ಯಾಪಾರ ಮಾಡುವ ಒಬ್ಬರ ಬಳಿ ಕೆಲಸ ಕಲಿತರು. ಆಗ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಮನಸ್ಸಿನ ಅಶಾಂತಿಗೆ ಪರಿಹಾರ ಕೇಳುತ್ತಾ ಫಾಕ್ಸ್ ಪಾದ್ರಿಗಳ ಬಳಿ ಅಲೆದರು. ಯಾರ ಉತ್ತರವೂ ಸಮಾಧಾನ ಕೊಡಲಿಲ್ಲ. ಕೊನೆಗೆ ಅವರು ಕಂಡುಕೊಂಡದ್ದು ಇಷ್ಟು: ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕು ಇದೆ, ಅದನ್ನು ಕಾಣಲು ಮಧ್ಯವರ್ತಿ ಬೇಕಿಲ್ಲ. 1652ರಲ್ಲಿ ಉತ್ತರ ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಅವರ ಬೋಧನೆ ಕೇಳಲು ಸಾವಿರಾರು ಜನ ಸೇರಿದರು. ಸ್ವಾರ್ತ್‌ಮೋರ್ ಹಾಲ್ ಎಂಬ ದೊಡ್ಡಮನೆಯ ಯಜಮಾನಿ ಮಾರ್ಗರೆಟ್ ಫೆಲ್ ಅವರ ಮನೆಯೇ ಪಂಥದ ಕೇಂದ್ರವಾಯಿತು. ಲೆಕ್ಕಪತ್ರ, ಪತ್ರವ್ಯವಹಾರ, ಜೈಲಿಗೆ ಹೋದವರ ಸಂಸಾರದ ಖರ್ಚು ಎಲ್ಲವನ್ನೂ ನೋಡಿಕೊಂಡವರು ಆಕೆ. ಸಂಘಟನೆ ಉಳಿದದ್ದರಲ್ಲಿ ಫಾಕ್ಸ್ ಅವರಷ್ಟೇ ಪಾಲು ಆ ಮಹಿಳೆಗೂ ಸಲ್ಲಬೇಕು.

ಮೌನದ ಸಭೆ

ಕ್ವೇಕರರ ಪೂಜಾಸ್ಥಳಕ್ಕೆ ಚರ್ಚ್ ಎನ್ನುವುದಿಲ್ಲ, 'ಮೀಟಿಂಗ್ ಹೌಸ್' ಎನ್ನುತ್ತಾರೆ. ಒಳಗೆ ಶಿಲುಬೆ ಇಲ್ಲ, ಮೂರ್ತಿ ಇಲ್ಲ, ವೇದಿಕೆ ಇಲ್ಲ, ಬಣ್ಣದ ಗಾಜಿಲ್ಲ. ಬೆಂಚುಗಳು ಒಂದಕ್ಕೊಂದು ಎದುರುಬದುರಾಗಿ ಇರುತ್ತವೆ. ಭಾನುವಾರ ಜನ ಬಂದು ಕೂರುತ್ತಾರೆ, ಸುಮಾರು ಒಂದು ಗಂಟೆ ಮೌನವಾಗಿರುತ್ತಾರೆ. ಪಾದ್ರಿ ಇಲ್ಲ, ಪ್ರವಚನ ಇಲ್ಲ. ಯಾರಿಗಾದರೂ ಒಳಗಿನಿಂದ ಪ್ರೇರಣೆ ಬಂದರೆ, ಗಂಡಸಿರಲಿ ಹೆಂಗಸಿರಲಿ, ಎದ್ದು ನಿಂತು ನಾಲ್ಕು ಮಾತು ಹೇಳಿ ಕೂರಬಹುದು. ಅದಕ್ಕೆ ಉತ್ತರ ಕೊಡುವುದಾಗಲಿ ವಾದ ಮಾಡುವುದಾಗಲಿ ಇಲ್ಲ. ಒಮ್ಮೊಮ್ಮೆ ಇಡೀ ಗಂಟೆ ಯಾರೂ ಬಾಯಿ ತೆರೆಯುವುದಿಲ್ಲ. ಕೊನೆಗೆ ಹಿರಿಯರಿಬ್ಬರು ಕೈ ಕುಲುಕಿದರೆ ಸಭೆ ಮುಗಿಯಿತು ಎಂದು ಅರ್ಥ.

ಇದನ್ನು ಓದಿದಾಗ 48 ನಿಮಿಷಗಳ ಸಾಮಾಯಿಕ ನೆನಪಾಗುವುದು ಸಹಜ. ಆದರೆ ಎರಡೂ ಒಂದೇ ಅಲ್ಲ. ಸಾಮಾಯಿಕದಲ್ಲಿ ಶ್ರಾವಕ ಸಮತಾಭಾವದಲ್ಲಿ ನಿಂತು ತನ್ನ ಆತ್ಮವನ್ನೇ ನೋಡಿಕೊಳ್ಳುತ್ತಾನೆ, ಅಲ್ಲಿ ಸೃಷ್ಟಿಕರ್ತನಾದ ದೇವರಿಗೆ ಸ್ಥಾನವಿಲ್ಲ. ಕ್ವೇಕರ್ ಮೌನ ಕಾಯುವ ಮೌನ. ದೇವರ ಪ್ರೇರಣೆಗಾಗಿ ಎಲ್ಲರೂ ಸೇರಿ ಕಾಯುತ್ತಾರೆ. ಒಬ್ಬನೇ ಕೂತು ಮಾಡುವ ಧ್ಯಾನಕ್ಕೆ ಅವರು ಅಷ್ಟು ಬೆಲೆ ಕೊಡುವುದಿಲ್ಲ, ಕೂಡಿ ಕೂರುವುದಕ್ಕೇ ಬೆಲೆ. ಕರ್ಮಸಿದ್ಧಾಂತವೂ ಅವರಲ್ಲಿಲ್ಲ. ಆಹಾರದ ವಿಷಯದಲ್ಲೂ ವ್ಯತ್ಯಾಸ ದೊಡ್ಡದು. ಪ್ರಾಣಿದಯೆಯ ಗುಂಪುಗಳು ಅವರಲ್ಲಿ ಇವೆ, ಸಸ್ಯಾಹಾರಿಗಳೂ ಇದ್ದಾರೆ, ಆದರೆ ಮಾಂಸ ಬಿಡಬೇಕೆಂಬ ನಿಯಮವಿಲ್ಲ. ಅವರ ಅಹಿಂಸೆ ಮುಖ್ಯವಾಗಿ ಮನುಷ್ಯರ ನಡುವಿನದು.

ಉಳಿದ ಕ್ರೈಸ್ತರಿಗೆ ಅತಿ ಮುಖ್ಯವಾದ ಎರಡು ಸಂಸ್ಕಾರಗಳು, ನೀರಿನ ದೀಕ್ಷಾಸ್ನಾನ ಮತ್ತು ರೊಟ್ಟಿ-ದ್ರಾಕ್ಷಾರಸದ ಪ್ರಸಾದ, ಇವರಲ್ಲಿಲ್ಲ. ದಿನನಿತ್ಯದ ಊಟವೇ ಪವಿತ್ರ, ಪ್ರತಿದಿನವೂ ಹಬ್ಬ ಎಂಬುದು ಅವರ ಸಮರ್ಥನೆ. ಈ ಕಾರಣಕ್ಕೇ ಇವರನ್ನು ಕ್ರೈಸ್ತರೆಂದು ಒಪ್ಪದ ಪಂಗಡಗಳೂ ಇವೆ.

ನೀನು, ನೀವು ಮತ್ತು ಟೋಪಿ

ಆಗಿನ ಇಂಗ್ಲಿಷಿನಲ್ಲಿ ಕನ್ನಡದ 'ನೀನು', 'ನೀವು' ಎಂಬಂತೆ ಎರಡು ಪದಗಳಿದ್ದವು: 'ದೌ' ಮತ್ತು 'ಯೂ'. ಕೆಳಗಿನವರಿಗೆ ಏಕವಚನ, ದೊಡ್ಡವರಿಗೆ ಬಹುವಚನ. ಕ್ವೇಕರರು ಎಲ್ಲರಿಗೂ ಏಕವಚನವನ್ನೇ ಬಳಸಿದರು, ಜಮೀನ್ದಾರನಿಗೂ ನ್ಯಾಯಾಧೀಶನಿಗೂ. ಒಬ್ಬನೇ ಮನುಷ್ಯನನ್ನು ಹಲವರೆಂಬಂತೆ ಕರೆಯುವುದು ಸುಳ್ಳು ಎಂಬುದು ಅವರ ವಾದ. ಕನ್ನಡ ಮನೆಗಳಲ್ಲಿ ಹೀಗೆ ಮಾತಾಡಿದರೆ ಏನಾಗುತ್ತದೆ ಎಂದು ಊಹಿಸಿಕೊಂಡರೆ ಅಲ್ಲಿ ಏನಾಯಿತು ಎಂಬುದು ಗೊತ್ತಾಗುತ್ತದೆ. ದೊಡ್ಡವರ ಮುಂದೆ ಟೋಪಿ ತೆಗೆಯಲೂ ಅವರು ಒಪ್ಪಲಿಲ್ಲ. ಇದಕ್ಕೆಲ್ಲ ಏಟು ತಿಂದರು, ದಂಡ ಕಟ್ಟಿದರು.

ಎಲ್ಲಕ್ಕಿಂತ ದುಬಾರಿಯಾದದ್ದು ಆಣೆ. ಆಣೆ ಮಾಡಬೇಡಿ ಎಂದು ಯೇಸು ಹೇಳಿದ್ದಾರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಸರಳ: ಆಣೆ ಹಾಕಿ ಹೇಳಿದ್ದು ಮಾತ್ರ ಸತ್ಯ ಎಂದಾದರೆ ಉಳಿದ ಹೊತ್ತಿನಲ್ಲಿ ಸುಳ್ಳು ಹೇಳಬಹುದು ಎಂದಾಗುತ್ತದಲ್ಲ? ಆದರೆ ರಾಜನಿಷ್ಠೆಯ ಪ್ರಮಾಣ ಮಾಡದವರು ದ್ರೋಹಿಗಳು ಎಂದು ಸರ್ಕಾರ ತಿಳಿಯಿತು. 1662ರಲ್ಲಿ ಇವರ ವಿರುದ್ಧವೇ ಒಂದು ಕಾನೂನು ಬಂತು. ಸಾವಿರಾರು ಜನ ಜೈಲಿಗೆ ಹೋದರು, ನೂರಾರು ಮಂದಿ ಅಲ್ಲೇ ಸತ್ತರು. 1682ರಲ್ಲಿ ಬ್ರಿಸ್ಟಲ್ ನಗರದಲ್ಲಿ ದೊಡ್ಡವರೆಲ್ಲ ಸೆರೆಯಲ್ಲಿದ್ದಾಗ ಮಕ್ಕಳೇ ಸೇರಿ ಮೌನಸಭೆಯನ್ನು ನಡೆಸಿಕೊಂಡು ಹೋದರು. 1689ರಲ್ಲಿ ಸಹಿಷ್ಣುತಾ ಕಾಯಿದೆ ಬಂದ ಮೇಲೆ ಉಸಿರಾಡುವಂತಾಯಿತು. 1696ರಲ್ಲಿ ಆಣೆಯ ಬದಲು 'ಸತ್ಯವಾಗಿ ಹೇಳುತ್ತೇನೆ' ಎಂಬ ದೃಢೀಕರಣವನ್ನು ಕಾನೂನು ಒಪ್ಪಿತು. ಇಂದು ಅನೇಕ ದೇಶಗಳ ನ್ಯಾಯಾಲಯಗಳಲ್ಲಿ ದೇವರ ಹೆಸರಿಲ್ಲದೆ ದೃಢೀಕರಿಸಿ ಸಾಕ್ಷಿ ಹೇಳಲು ಅವಕಾಶವಿದೆ. ಆ ದಾರಿ ತೆರೆದವರಲ್ಲಿ ಇವರು ಮೊದಲಿಗರು.

ಅಂಗಡಿಯಲ್ಲಿ ಧರ್ಮ

ಪ್ರಮಾಣ ಮಾಡದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ಬಾಗಿಲು ಮುಚ್ಚಿತ್ತು. ಸರ್ಕಾರಿ ಹುದ್ದೆ ಇಲ್ಲ. ಸೈನ್ಯಕ್ಕೆ ಅವರೇ ಹೋಗುವುದಿಲ್ಲ. ಪಾದ್ರಿ ವೃತ್ತಿ ಅವರಲ್ಲೇ ಇಲ್ಲ. ಉಳಿದದ್ದು ವ್ಯಾಪಾರ ಮತ್ತು ಕೈಗಾರಿಕೆ. ಓದಿದ, ಶಿಸ್ತಿನ, ಜೂಜಾಡದ ಒಂದು ಸಮಾಜದ ಬುದ್ಧಿಯೆಲ್ಲ ಒಂದೇ ಕಡೆ ಹರಿದರೆ ಆಗಬೇಕಾದದ್ದೇ ಆಯಿತು.

ಆಗಿನ ಮಾರುಕಟ್ಟೆಯಲ್ಲಿ ಚೌಕಾಸಿಯೇ ರೂಢಿ. ಅಂಗಡಿಯವನು ಹತ್ತು ಹೇಳುವುದು, ಗಿರಾಕಿ ನಾಲ್ಕಕ್ಕೆ ಕೇಳುವುದು, ಆರಕ್ಕೆ ಮುಗಿಯುವುದು. ಕ್ವೇಕರರಿಗೆ ಇದರಲ್ಲಿ ಎರಡೂ ಕಡೆ ಸುಳ್ಳು ಕಂಡಿತು. ಆರಕ್ಕೆ ಕೊಡುವವನು ಹತ್ತು ಎಂದದ್ದೇಕೆ? ಹಾಗಾಗಿ ಒಂದೇ ದರ ಇಟ್ಟರು, ಕೇಳಿದವರಿಗೆಲ್ಲ ಅದೇ ದರ. ಮೊದಮೊದಲು ಗಿರಾಕಿಗಳು ಅಂಗಡಿ ಬಿಟ್ಟು ಹೋದರು. ಟೋಪಿ ತೆಗೆಯದ, ನಮಸ್ಕಾರ ಮಾಡದ, ಒಂದು ಕಾಸೂ ಇಳಿಸದ ವ್ಯಾಪಾರಿ ಯಾರಿಗೆ ಬೇಕು? ಸ್ವಲ್ಪ ಕಾಲ ಕಳೆದ ಮೇಲೆ ಜನರಿಗೆ ಒಂದು ವಿಷಯ ಹೊಳೆಯಿತು. ಚಿಕ್ಕ ಮಗುವಿನ ಕೈಯಲ್ಲಿ ದುಡ್ಡು ಕೊಟ್ಟು ಕಳಿಸಿದರೂ ದೊಡ್ಡವರಿಗೆ ಕೊಡುವ ಸಾಮಾನೇ, ಅದೇ ಬೆಲೆಗೆ ಸಿಗುತ್ತದೆ. ಇದನ್ನು ಫಾಕ್ಸ್ ತಮ್ಮ ದಿನಚರಿಯಲ್ಲೇ ಬರೆದಿದ್ದಾರೆ. ಅಲ್ಲಿಂದ ಮುಂದೆ, ನಮ್ಮ ವ್ಯಾಪಾರವನ್ನೆಲ್ಲ ಇವರೇ ಕಿತ್ತುಕೊಂಡರು ಎಂದು ಅಕ್ಕಪಕ್ಕದ ಅಂಗಡಿಯವರು ದೂರುವ ಹಂತ ಬಂತು.

ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿಗೆ ನಕಲಿ ಬೆರೆಸಿ ಮಾರುವುದು ಎರಡೂ ಬರುತ್ತವೆ. ಶ್ರಾವಕ ಇದನ್ನು ವ್ರತವಾಗಿ ತಾನೇ ಪಾಲಿಸಬೇಕು, ತಪ್ಪಿದರೆ ಪ್ರಾಯಶ್ಚಿತ್ತ ಅವನದು. ಕ್ವೇಕರರು ಇದೇ ಮಾತನ್ನು ಸಮಾಜದ ಉಸ್ತುವಾರಿಗೆ ಕೊಟ್ಟರು. ತಿಂಗಳ ಸಭೆಯಲ್ಲಿ ಸದಸ್ಯರ ಮುಂದೆ ಪ್ರಶ್ನೆಗಳನ್ನು ಓದುತ್ತಿದ್ದರು: ವ್ಯವಹಾರದಲ್ಲಿ ನ್ಯಾಯವಾಗಿದ್ದೀರಾ, ಹೇಳಿದ ದಿನಕ್ಕೆ ಹಣ ಕೊಡುತ್ತಿದ್ದೀರಾ, ಶಕ್ತಿ ಮೀರಿ ವ್ಯಾಪಾರ ಬೆಳೆಸುತ್ತಿಲ್ಲ ತಾನೆ? ಅನುಮಾನ ಬಂದರೆ ಇಬ್ಬರು ಹಿರಿಯರು ಮನೆಗೆ ಬಂದು ಖಾತೆ ಪುಸ್ತಕ ನೋಡುತ್ತಿದ್ದರು. ದಿವಾಳಿಯಾದವನನ್ನು ಸದಸ್ಯತ್ವದಿಂದ ತೆಗೆಯುತ್ತಿದ್ದರು. ದುರದೃಷ್ಟದಿಂದಲೋ ದುಡುಕಿನಿಂದಲೋ ಎಂದು ವಿಚಾರಿಸುತ್ತಿದ್ದರು ನಿಜ, ಆದರೆ ಇನ್ನೊಬ್ಬರ ದುಡ್ಡಿನಲ್ಲಿ ಅಪಾಯದ ಆಟ ಆಡಿದ್ದರೆ ಕ್ಷಮೆ ಇರಲಿಲ್ಲ.

ಇದಕ್ಕೆ ಪ್ರಸಿದ್ಧ ಉದಾಹರಣೆ ಎಲಿಜಬೆತ್ ಫ್ರೈ ಅವರ ಮನೆಯದು. ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ ಹೆಣ್ಣು ಕೈದಿಗಳು ಮಕ್ಕಳ ಸಮೇತ ಕೊಳಕಿನಲ್ಲಿ ಬಿದ್ದಿರುವುದನ್ನು ನೋಡಿ, ಒಳಗೆ ಶಾಲೆ, ಹೊಲಿಗೆ ಕೆಲಸ ಏರ್ಪಡಿಸಿದ ಮಹಿಳೆ ಇವರು. ಯೂರೋಪಿನ ರಾಜರೇ ಗೌರವಿಸಿದ ಹೆಸರು. ಇಂಗ್ಲೆಂಡಿನ 5 ಪೌಂಡ್ ನೋಟಿನ ಮೇಲೆ 2002ರಿಂದ ಹಲವು ವರ್ಷ ಅವರ ಚಿತ್ರವಿತ್ತು. ಅಷ್ಟಾದರೂ 1828ರಲ್ಲಿ ಪತಿ ಜೋಸೆಫ್ ಫ್ರೈ ಅವರ ಬ್ಯಾಂಕ್ ಮುಳುಗಿದಾಗ ಸಮಾಜ ಪತಿಯನ್ನು ಸದಸ್ಯತ್ವದಿಂದ ತೆಗೆದುಹಾಕಿತು. ಹೆಂಡತಿಯ ಕೀರ್ತಿ ಗಂಡನ ಲೆಕ್ಕಕ್ಕೆ ಜಮೆಯಾಗಲಿಲ್ಲ. ಒಂದು ವಿಷಯ ಮಾತ್ರ ಗಮನಿಸಬೇಕು. ಹೀಗೆ ತೆಗೆದವರಿಗೆ ಮೌನಸಭೆಯ ಬಾಗಿಲು ಮುಚ್ಚುತ್ತಿರಲಿಲ್ಲ, ನೀರು-ನೆರಳು ನಿಲ್ಲಿಸುತ್ತಿರಲಿಲ್ಲ. ಬಂದು ಕೂರಬಹುದಿತ್ತು, ಆಡಳಿತದ ಸಭೆಯಲ್ಲಿ ಮಾತ್ರ ಜಾಗವಿಲ್ಲ.

ಇಷ್ಟು ಬಿಗಿ ಇದ್ದಲ್ಲಿ ಜನ ದುಡ್ಡು ತಂದಿಡದೆ ಇರುತ್ತಾರೆಯೆ? ಬಾರ್ಕ್ಲೇಸ್ ಬ್ಯಾಂಕಿನ ಮೂಲ 1690ರಲ್ಲಿ ಲಂಡನ್ನಿನಲ್ಲಿ ಇಬ್ಬರು ಕ್ವೇಕರ್ ಅಕ್ಕಸಾಲಿಗರು ನಡೆಸಿದ ಲೇವಾದೇವಿ. ಲಾಯ್ಡ್ಸ್ ಬ್ಯಾಂಕನ್ನು 1765ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರಂಭಿಸಿದ ಪಾಲುದಾರರಲ್ಲಿ ಸ್ಯಾಂಪ್ಸನ್ ಲಾಯ್ಡ್ ಕ್ವೇಕರರು. ಕಲ್ಲಿದ್ದಲಿನ ಕೋಕ್‌ನಿಂದ ಕಬ್ಬಿಣ ಕರಗಿಸುವುದನ್ನು 1709ರಲ್ಲಿ ಸಾಧಿಸಿದ ಏಬ್ರಹಾಂ ಡಾರ್ಬಿ, 1825ರ ಸ್ಟಾಕ್ಟನ್-ಡಾರ್ಲಿಂಗ್ಟನ್ ರೈಲುಮಾರ್ಗಕ್ಕೆ ಹಣ ಕೂಡಿಸಿದ ಎಡ್ವರ್ಡ್ ಪೀಸ್ ಇದೇ ಸಮಾಜದವರು. ಚಾಕೊಲೇಟಿನ ಮೂರು ದೊಡ್ಡ ಮನೆತನಗಳಾದ ಫ್ರೈ, ಕ್ಯಾಡ್ಬರಿ, ರೌನ್‌ಟ್ರೀ ಮೂರೂ ಕ್ವೇಕರರವು. ಸಾರಾಯಿಗೆ ಬದಲಾಗಿ ಜನರಿಗೆ ಒಂದು ಬಿಸಿ ಪಾನೀಯ ಕೊಡಬೇಕೆಂಬ ಆಸೆಯೂ ಕೋಕೋ ವ್ಯಾಪಾರಕ್ಕೆ ಒಂದು ಕಾರಣ. ಕ್ಯಾಡ್ಬರಿಯವರು 1879ರಲ್ಲಿ ಬರ್ಮಿಂಗ್‌ಹ್ಯಾಮ್ ಹೊರಗೆ ಬೋರ್ನ್‌ವಿಲ್ ಎಂಬಲ್ಲಿ ಕಾರ್ಖಾನೆ ಕಟ್ಟಿದರು. ಮುಂದೆ ಅದರ ಸುತ್ತ ತೋಟಗಳಿರುವ ಮನೆಗಳ ಊರೇ ಎದ್ದಿತು. ಆ ಊರಿನಲ್ಲಿ ಹೆಂಡದಂಗಡಿಗೆ ಜಾಗ ಕೊಡಲಿಲ್ಲ.

ಕಳಂಕವೂ ಇದೆ. ಕ್ಯಾಡ್ಬರಿ ಕೊಳ್ಳುತ್ತಿದ್ದ ಕೋಕೋದಲ್ಲಿ ದೊಡ್ಡ ಪಾಲು ಪೋರ್ಚುಗೀಸರ ಸಾವೊ ತೊಮೆ ದ್ವೀಪದ್ದು, ಅಲ್ಲಿ ದುಡಿಯುತ್ತಿದ್ದವರು ಹೆಸರಿಗಷ್ಟೇ ಕೂಲಿಗಳು, ವಾಸ್ತವದಲ್ಲಿ ಗುಲಾಮರು. 1901ರಲ್ಲೇ ವಿಷಯ ಕಿವಿಗೆ ಬಿದ್ದರೂ ಕಂಪನಿ ಆ ಕೋಕೋ ಬಿಟ್ಟದ್ದು 1909ರಲ್ಲಿ. ನಡುವಿನ ವರ್ಷಗಳಲ್ಲಿ ವಿಚಾರಣೆ, ಪತ್ರವ್ಯವಹಾರ ನಡೆಯುತ್ತಿತ್ತು, ಕೊಳ್ಳುವುದೂ ನಡೆಯುತ್ತಿತ್ತು. ಒಂದು ಪತ್ರಿಕೆ ಇದನ್ನು ಕಪಟ ಎಂದು ಬರೆಯಿತು. ಕ್ಯಾಡ್ಬರಿ ಮಾನನಷ್ಟ ಮೊಕದ್ದಮೆ ಹಾಕಿ ಗೆದ್ದಿತು. ಆದರೆ ನ್ಯಾಯದರ್ಶಿಗಳು ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಆಗಿನ ಕಾಲು ಕಾಸು. ಆ ಕಾಲು ಕಾಸು ಹೇಳುವಷ್ಟನ್ನು ಯಾವ ತೀರ್ಪೂ ಹೇಳಲಾರದು.

ಅಂಗಡಿ ಚಿಕ್ಕದು ಮಾಡಿಕೊಂಡವರು

ಸಂಪತ್ತು ಬೆಳೆದ ಸಮಾಜದಲ್ಲಿ ಉಲ್ಟಾ ದಿಕ್ಕಿಗೆ ನಡೆದ ಒಬ್ಬರನ್ನು ಕ್ವೇಕರರು ಇಂದಿಗೂ ತಮ್ಮ ಶ್ರೇಷ್ಠರೆಂದು ಎಣಿಸುತ್ತಾರೆ. ಅವರು ಜಾನ್ ವುಲ್ಮನ್, 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವರು. ದರ್ಜಿ ಕೆಲಸದ ಜೊತೆ ಅಂಗಡಿ ಇಟ್ಟಿದ್ದರು. ವ್ಯಾಪಾರ ಚೆನ್ನಾಗಿ ಬೆಳೆಯಿತು. ಬೆಳೆದಷ್ಟೂ ಮನಸ್ಸಿಗೆ ಭಾರ ಎನಿಸಿ, ಗಿರಾಕಿಗಳಿಗೆ ಬೇರೆ ಅಂಗಡಿ ತೋರಿಸಿ, ಕ್ರಮೇಣ ಅಂಗಡಿ ಬಿಟ್ಟು ದರ್ಜಿ ಕೆಲಸ ಮತ್ತು ಸೇಬಿನ ತೋಟ ಇಷ್ಟಕ್ಕೇ ನಿಂತರು. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಎಂದರೇನು ಎಂಬುದಕ್ಕೆ ಪರಧರ್ಮದಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಗುಲಾಮರನ್ನು ಮಕ್ಕಳಿಗೆ ಆಸ್ತಿಯಾಗಿ ಬರೆಯುವ ಉಯಿಲನ್ನು ಬರೆದುಕೊಡಲು ಅವರು ಒಪ್ಪಲಿಲ್ಲ. ಅಂದಿನ ಅನೇಕ ಕ್ವೇಕರರೇ ಗುಲಾಮರನ್ನು ಇಟ್ಟುಕೊಂಡಿದ್ದರು. ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್ ಕೂಡ. ವುಲ್ಮನ್ ಊರೂರು ತಿರುಗಿ, ಮನೆಮನೆಯಲ್ಲಿ ಕೂತು, ಜಗಳವಾಡದೆ ಮಾತಾಡಿದರು. ಗುಲಾಮರ ದುಡಿಮೆಯ ಸಕ್ಕರೆ ಬಿಟ್ಟರು, ಬಣ್ಣ ಹಾಕಿದ ಬಟ್ಟೆ ಬಿಟ್ಟರು. ಇಂಗ್ಲೆಂಡಿಗೆ ಬಂದಾಗ ಕುದುರೆಗಳನ್ನು ಸಾಯುವವರೆಗೆ ಓಡಿಸುತ್ತಾರೆಂದು ಕೋಚ್ ಗಾಡಿ ಹತ್ತಲಿಲ್ಲ, ನಡೆದೇ ಹೋದರು. ಅದೇ ಪ್ರಯಾಣದಲ್ಲಿ 1772ರಲ್ಲಿ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡರು. ನಾಲ್ಕು ವರ್ಷಗಳ ನಂತರ, 1776ರಲ್ಲಿ, ಫಿಲಡೆಲ್ಫಿಯಾದ ವಾರ್ಷಿಕ ಸಭೆ ಗುಲಾಮರನ್ನು ಇಟ್ಟುಕೊಂಡ ಯಾರೂ ಸದಸ್ಯರಾಗಿರುವಂತಿಲ್ಲ ಎಂದು ನಿರ್ಣಯಿಸಿತು. ಲಂಡನ್ನಿನಲ್ಲಿ 1787ರಲ್ಲಿ ಗುಲಾಮ ವ್ಯಾಪಾರ ನಿಲ್ಲಿಸಲು ಹುಟ್ಟಿದ ಸಮಿತಿಯ 12 ಜನರಲ್ಲಿ 9 ಮಂದಿ ಕ್ವೇಕರರು.

ಯುದ್ಧ ಮತ್ತು ಅನ್ನ

ಯಾವ ಕಾರಣಕ್ಕೂ ಆಯುಧ ಹಿಡಿಯುವುದಿಲ್ಲ ಎಂದು 1661ರ ಜನವರಿಯಲ್ಲಿ ಇವರು ರಾಜ ಎರಡನೇ ಚಾರ್ಲ್ಸ್‌ಗೆ ಬರೆದುಕೊಟ್ಟರು. ವಿಲಿಯಂ ಪೆನ್ 1681ರಲ್ಲಿ ಪಡೆದ ಪೆನ್ಸಿಲ್ವೇನಿಯಾದಲ್ಲಿ ಸೈನ್ಯವಿಲ್ಲದೆ ರಾಜ್ಯ ನಡೆಸುವ ಪ್ರಯತ್ನ ಬಹುಕಾಲ ನಡೆಯಿತು. 1756ರಲ್ಲಿ ಗಡಿಯಲ್ಲಿ ಯುದ್ಧ ಬಂದಾಗ, ಯುದ್ಧಕ್ಕೆ ಹಣ ಮಂಜೂರು ಮಾಡುವ ಬದಲು ಕ್ವೇಕರ್ ಶಾಸಕರಲ್ಲಿ ಹಲವರು ಸ್ಥಾನ ಬಿಟ್ಟುಕೊಟ್ಟರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಕಡ್ಡಾಯ ಸೈನ್ಯಸೇವೆ ತಂದಾಗ ಅನೇಕ ಯುವಕರು ಜೈಲಿಗೆ ಹೋದರು, ಇನ್ನು ಕೆಲವರು ಆಂಬುಲೆನ್ಸ್ ದಳ ಸೇರಿ ಗಾಯಾಳುಗಳನ್ನು ಹೊತ್ತರು. ಹಾಗೆಂದು ಎಲ್ಲರೂ ಒಂದೇ ಇರಲಿಲ್ಲ. ಸೇನೆಗೆ ಸೇರುವ ವಯಸ್ಸಿನ ಬ್ರಿಟಿಷ್ ಕ್ವೇಕರ್ ಗಂಡಸರಲ್ಲಿ ಸುಮಾರು ಮೂರನೇ ಒಂದು ಭಾಗ ಸೈನ್ಯ ಸೇರಿದರು. ವಿಯೆಟ್ನಾಂ ಯುದ್ಧ ನಡೆಸಿದ ಅಧ್ಯಕ್ಷ ನಿಕ್ಸನ್ ಕೂಡ ಕ್ವೇಕರ್ ಮನೆಯಲ್ಲೇ ಬೆಳೆದವರು.

ಐರ್ಲೆಂಡಿನಲ್ಲಿ 1846-47ರ ಭೀಕರ ಕ್ಷಾಮದಲ್ಲಿ ಗಂಜಿಕೇಂದ್ರ ತೆರೆದವರಲ್ಲಿ ಇವರು ಮುಂದಿದ್ದರು. ಗಂಜಿ ಕೊಟ್ಟು ಪಂಥ ಬದಲಿಸಿಕೊಳ್ಳುತ್ತಾರೆ ಎಂಬ ಆರೋಪ ಆಗ ಕೆಲವು ಪಂಗಡಗಳ ಮೇಲೆ ಬಂತು, ಕ್ವೇಕರರ ಮೇಲೆ ಬರಲಿಲ್ಲ. ಐರಿಷ್ ಜನ ಅದನ್ನು ಇಂದಿಗೂ ನೆನೆಯುತ್ತಾರೆ. ಎರಡು ಮಹಾಯುದ್ಧಗಳ ನಂತರ ಶತ್ರುದೇಶವೆನಿಸಿದ್ದ ಜರ್ಮನಿಯ ಮಕ್ಕಳಿಗೂ ಊಟ ಕೊಟ್ಟರು. ಈ ಕೆಲಸಕ್ಕಾಗಿ 1947ರ ನೊಬೆಲ್ ಶಾಂತಿ ಪ್ರಶಸ್ತಿ ಲಂಡನ್ ಮತ್ತು ಫಿಲಡೆಲ್ಫಿಯಾದ ಎರಡು ಕ್ವೇಕರ್ ಸೇವಾಸಂಸ್ಥೆಗಳಿಗೆ ಒಟ್ಟಾಗಿ ಬಂತು.

ಭಾರತದ ನಂಟು

ಗಾಂಧೀಜಿಯವರ ಆತ್ಮಕಥೆಯಲ್ಲಿ ಒಬ್ಬ ಕ್ವೇಕರ್ ಬರುತ್ತಾರೆ. 1893ರಲ್ಲಿ ಪ್ರಿಟೋರಿಯಾದಲ್ಲಿ ಪರಿಚಯವಾದ ಕೋಟ್ಸ್ ಎಂಬವರು ಪ್ರೀತಿಯಿಂದ ಪುಸ್ತಕಗಳನ್ನು ಓದಿಸಿದರು, ಗಾಂಧೀಜಿಯ ಕೊರಳಿನ ತುಳಸಿಮಣಿ ಮೂಢನಂಬಿಕೆ ಎಂದು ಅದನ್ನು ಹರಿಯಲು ಹೊರಟರು. ತಾಯಿ ಹಾಕಿದ್ದು, ತಾನಾಗಿ ಹರಿಯುವವರೆಗೆ ತೆಗೆಯುವುದಿಲ್ಲ ಎಂದರು ಗಾಂಧೀಜಿ. ಆ ದಿನಗಳ ಧಾರ್ಮಿಕ ಗೊಂದಲದಲ್ಲಿ ಅವರು ಪ್ರಶ್ನೆಗಳನ್ನು ಬರೆದು ಕಳಿಸಿದ್ದು ಶ್ರೀಮದ್ ರಾಜಚಂದ್ರರಿಗೆ. ವಜ್ರ-ಮುತ್ತಿನ ವ್ಯಾಪಾರಿಯಾಗಿದ್ದ ಆ ಜೈನ ಸಾಧಕರ ಉತ್ತರದಿಂದ ಮನಸ್ಸು ನೆಲೆಗೊಂಡಿತು. ಮುಂದೆ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಹೊರೇಸ್ ಅಲೆಕ್ಸಾಂಡರ್, ಅಗಾಥಾ ಹ್ಯಾರಿಸನ್ ಮೊದಲಾದ ಕ್ವೇಕರರು ಗಾಂಧೀಜಿಗೂ ಬ್ರಿಟಿಷ್ ಸರ್ಕಾರಕ್ಕೂ ನಡುವೆ ಮಾತುಕತೆಯ ಕೊಂಡಿಯಾದರು. ಅವರಾರೂ ಗಾಂಧೀಜಿಯನ್ನು ಮತಾಂತರಿಸಲು ಹೋಗಲಿಲ್ಲ.

ಮಧ್ಯಪ್ರದೇಶದ ಹೋಶಂಗಾಬಾದ್ (ಈಗ ನರ್ಮದಾಪುರಂ) ಸುತ್ತ 19ನೇ ಶತಮಾನದ ಉತ್ತರಾರ್ಧದಿಂದ ಕ್ವೇಕರ್ ಮಿಷನರಿಗಳು ಶಾಲೆ, ಆಸ್ಪತ್ರೆ, ಕ್ಷಾಮದ ಅನಾಥಾಲಯ ನಡೆಸಿದರು. ಆಗ ಕ್ರೈಸ್ತರಾದ ಸಣ್ಣ ಸಮುದಾಯ ಇಂದಿಗೂ ಅಲ್ಲಿದೆ. ಕಾಲ ಕಳೆದಂತೆ ಮತಪ್ರಚಾರ ಹಿಂದೆ ಸರಿದು ಗ್ರಾಮಸೇವೆ ಮುಂದೆ ಬಂತು. ಹತ್ತಿರದ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ 1972ರಲ್ಲಿ ಕಿಶೋರ್ ಭಾರತಿ ಸಂಸ್ಥೆಯೊಡನೆ ಸೇರಿ 16 ಹಳ್ಳಿ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರು ಮಾಡಿತು. ಹೋಶಂಗಾಬಾದ್ ವಿಜ್ಞಾನ ಎಂದು ದೇಶದ ಶಿಕ್ಷಕರೆಲ್ಲ ಬಲ್ಲ ಪ್ರಯೋಗ ಅದೇ. 1928ರಲ್ಲಿ ಮದ್ರಾಸಿಗೆ ಶಿಕ್ಷಕಿಯಾಗಿ ಬಂದ ಮಾರ್ಜರಿ ಸೈಕ್ಸ್ ಶಾಂತಿನಿಕೇತನ, ಸೇವಾಗ್ರಾಮ, ನೀಲಗಿರಿಯ ಕೋಟಗಿರಿ, ರಸೂಲಿಯಾ ಎಂದು ಬದುಕಿನ ಬಹುಭಾಗವನ್ನು ಭಾರತದಲ್ಲೇ ಕಳೆದರು.

ಮತ ಹಾಕದ ಸಭೆ, ಸಹಿ ಹಾಕುವ ಮದುವೆ

ಇವರ ಆಡಳಿತದಲ್ಲಿ ಬಿಷಪ್ ಇಲ್ಲ, ಪೀಠವಿಲ್ಲ. ಊರಿನ ಸಭೆ, ಅದರ ಮೇಲೆ ಪ್ರದೇಶದ ಸಭೆ, ಅದರ ಮೇಲೆ ವಾರ್ಷಿಕ ಸಭೆ. ಮೊದಲಿನ ಕಷ್ಟಕಾಲದಲ್ಲಿ ಜೈಲು-ದಂಡಗಳ ದಾಖಲೆ ಇಡಲು ಲಂಡನ್ನಿನಲ್ಲಿ ಹುಟ್ಟಿದ ಸಮಿತಿಗೆ 'ಮೀಟಿಂಗ್ ಫಾರ್ ಸಫರಿಂಗ್ಸ್', ಅಂದರೆ ಸಂಕಷ್ಟಗಳ ಸಭೆ ಎಂದು ಹೆಸರು.  ಸಭೆ ನಡೆಸುವವರಿಗೆ ಅಧ್ಯಕ್ಷ ಎನ್ನದೆ 'ಕ್ಲರ್ಕ್' ಎನ್ನುತ್ತಾರೆ. ಮತದಾನ ಇಲ್ಲವೇ ಇಲ್ಲ. ಎಲ್ಲರ ಮಾತು ಕೇಳಿ, ಸಭೆಯ ಒಟ್ಟು ಮನಸ್ಸು ಯಾವ ಕಡೆ ಇದೆ ಎಂದು ಕ್ಲರ್ಕ್ ಅಲ್ಲೇ ನಡಾವಳಿ ಬರೆದು ಓದುತ್ತಾರೆ. ಎಲ್ಲರೂ ಒಪ್ಪಿದರೆ ನಿರ್ಣಯ, ಇಲ್ಲದಿದ್ದರೆ ಮುಂದಿನ ಸಭೆಗೆ. ಕೆಲವು ವಿಷಯಗಳು ವರ್ಷಗಟ್ಟಲೆ ಹೀಗೇ ಮುಂದೆ ಹೋಗುತ್ತವೆ. ನಿಧಾನ ನಿಜ, ಆದರೆ ಸೋತವರ ಗುಂಪು ಎಂದು ಒಂದು ಉಳಿಯುವುದಿಲ್ಲ. ಸಂಘಸಂಸ್ಥೆಗಳ ಚುನಾವಣೆಗಳು ಕೋರ್ಟಿನವರೆಗೆ ಹೋಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಮದುವೆಯೂ ಹಾಗೆಯೇ ಸರಳ. ಮೌನಸಭೆಯ ನಡುವೆ ವಧೂವರರು ಎದ್ದು ನಿಂತು, ಒಬ್ಬರನ್ನೊಬ್ಬರು ಸ್ವೀಕರಿಸಿದ್ದೇವೆ ಎಂದು ಹೇಳುತ್ತಾರೆ. ಮಾಡಿಸುವ ಪುರೋಹಿತರಿಲ್ಲ. ಬಂದವರೆಲ್ಲರೂ, ಮಕ್ಕಳು ಸೇರಿ, ಮದುವೆ ಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ 1753ರ ಕಾನೂನು ಎಲ್ಲ ಮದುವೆಗಳೂ ರಾಜ್ಯದ ಚರ್ಚಿನಲ್ಲೇ ಆಗಬೇಕೆಂದಾಗ ಕ್ವೇಕರರಿಗೂ ಯಹೂದಿಗಳಿಗೂ ವಿನಾಯಿತಿ ಕೊಟ್ಟಿತು.

ಈ ಮದುವೆಯ ವಿಷಯದಲ್ಲೇ ಸಮಾಜ ಪೆಟ್ಟು ತಿಂದದ್ದು. ವಧೂವರರಿಬ್ಬರೂ ಕ್ವೇಕರರೇ ಆಗಿರಬೇಕಿತ್ತು. ಹೊರಗಿನವರನ್ನು ಮದುವೆಯಾದರೆ ಸದಸ್ಯತ್ವ ಹೋಗುತ್ತಿತ್ತು, ಒಪ್ಪಿಗೆ ಕೊಟ್ಟ ತಂದೆತಾಯಿಗೂ ಛೀಮಾರಿ ಬೀಳುತ್ತಿತ್ತು. ಸಣ್ಣ ಊರುಗಳಲ್ಲಿ ಸಮಾಜದೊಳಗೆ ಸಂಬಂಧವೇ ಸಿಗುತ್ತಿರಲಿಲ್ಲ, ಇರುವವರೆಲ್ಲ ಒಂದಲ್ಲ ಒಂದು ರೀತಿ ನೆಂಟರು. ಎಲಿಜಬೆತ್ ಫ್ರೈ ಅವರ ಮಕ್ಕಳಲ್ಲೇ ಹಲವರು ಹೊರಗೆ ಮದುವೆಯಾಗಿ ಸಮಾಜ ಬಿಟ್ಟರು. 1680ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕ್ವೇಕರರು 50 ಸಾವಿರಕ್ಕಿಂತ ಹೆಚ್ಚು ಇದ್ದರೆಂದು ಅಂದಾಜು. 1860ರ ಹೊತ್ತಿಗೆ ಉಳಿದದ್ದು 14 ಸಾವಿರದ ಆಸುಪಾಸು. ಬಹಳ ಮಂದಿ ಅಮೆರಿಕಕ್ಕೆ ಹೋದದ್ದೂ ಒಂದು ಕಾರಣ, ಆದರೆ ಅದೊಂದೇ ಅಲ್ಲ.

1858ರಲ್ಲಿ ಹೆಸರು ಹೇಳದ ದಾನಿಯೊಬ್ಬರು ಈ ಕುಸಿತದ ಕಾರಣಗಳ ಬಗ್ಗೆ ಪ್ರಬಂಧ ಸ್ಪರ್ಧೆ ಏರ್ಪಡಿಸಿ 100 ಗಿನಿ ಬಹುಮಾನ ಇಟ್ಟರು. ಗೆದ್ದವರು ಯಾರ್ಕ್‌ನ ಕಿರಾಣಿ ವ್ಯಾಪಾರಿ ಮನೆತನದ ಜಾನ್ ಸ್ಟೀಫನ್‌ಸನ್ ರೌನ್‌ಟ್ರೀ, ವಯಸ್ಸು ಇಪ್ಪತ್ತಮೂರರ ಆಸುಪಾಸು. ವ್ಯಾಪಾರಿ ಮಗನಂತೆಯೇ ಅವರು ಲೆಕ್ಕ ಮುಂದಿಟ್ಟರು. 19ನೇ ಶತಮಾನದ ಮೊದಲ ಅರ್ಧದಲ್ಲಿ ಮದುವೆಯಾದ ಕ್ವೇಕರರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಸಮಾಜವೇ ಹೊರಗೆ ಕಳಿಸಿದೆ ಎಂದು ತೋರಿಸಿದರು. ಹೀಗೆ ಹೋದವರಲ್ಲಿ ಹೆಚ್ಚಿನವರಿಗೆ ಧರ್ಮದ ಮೇಲೆ ಸಿಟ್ಟಿರಲಿಲ್ಲ, ಅವರ ಮಕ್ಕಳನ್ನೂ ಸಮಾಜ ಕಳೆದುಕೊಂಡಿತು. ಹಿರಿಯರಿಗೆ ಈ ಪ್ರಬಂಧ ಸುಲಭದ ಓದಾಗಿರಲಿಲ್ಲ. ಆದರೂ ಒಂದೆರಡು ವರ್ಷಗಳಲ್ಲೇ, 1860ರ ಹೊತ್ತಿಗೆ, ಹೊರಗಿನ ಮದುವೆಗೆ ಸದಸ್ಯತ್ವ ತೆಗೆಯುವ ನಿಯಮ ಹೋಯಿತು. ಬೂದುಬಣ್ಣದ ಉಡುಪು, ಏಕವಚನದ ಮಾತು ಕಡ್ಡಾಯವಲ್ಲ ಎಂದಾಯಿತು. ಸುಳ್ಳು ಹೇಳಬಾರದು, ಯುದ್ಧ ಬೇಡ, ಮೌನಸಭೆ ಎಂಬ ಮೂಲಕ್ಕೆ ಕೈ ಹಚ್ಚಲಿಲ್ಲ. ಯಾವುದು ವ್ರತ, ಯಾವುದು ರೂಢಿ ಎಂದು ಬೇರ್ಪಡಿಸುವ ಈ ಕೆಲಸಕ್ಕೆ ಅವರಿಗೆ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇಂದು ಬ್ರಿಟನ್ನಿನ ಸದಸ್ಯರ ಸಂಖ್ಯೆ ಇಪ್ಪತ್ತು ಸಾವಿರಕ್ಕಿಂತ ಕಡಿಮೆ. ಕ್ಯಾಡ್ಬರಿ, ರೌನ್‌ಟ್ರೀ, ಬಾರ್ಕ್ಲೇಸ್ ಯಾವುದೂ ಈಗ ಕ್ವೇಕರರ ಕೈಯಲ್ಲಿಲ್ಲ. ಅತಿ ಹೆಚ್ಚು ಕ್ವೇಕರರು ಇರುವುದು ಕೀನ್ಯಾದಲ್ಲಿ. 1902ರಲ್ಲಿ ಮೂವರು ಅಮೆರಿಕನ್ನರು ಕೈಮೋಸಿ ಎಂಬಲ್ಲಿ ಶುರು ಮಾಡಿದ ಮಿಷನ್‌ನಿಂದ ಬೆಳೆದ ಸಮುದಾಯ ಅದು. ಅಲ್ಲಿ ಪಾದ್ರಿಗಳಿದ್ದಾರೆ, ಹಾಡು, ಪ್ರವಚನ ಎಲ್ಲ ಇದೆ. ಲಂಡನ್ನಿನ ಮೌನಸಭೆಯವರು ಅಲ್ಲಿಗೆ ಹೋದರೆ ತಮ್ಮದೇ ಪಂಥವೇ ಎಂದು ಅನುಮಾನಪಡುವಷ್ಟು ವ್ಯತ್ಯಾಸ.

ಬ್ರಿಟನ್ನಿನಲ್ಲಿ ಇನ್ನೂ ಒಂದು ಬದಲಾವಣೆ ಆಗಿದೆ. 1737ರಿಂದ ಕ್ವೇಕರ್ ತಂದೆತಾಯಿಗೆ ಹುಟ್ಟಿದ ಮಗು ಹುಟ್ಟಿನಿಂದಲೇ ಸದಸ್ಯ ಎಂಬ ನಿಯಮವಿತ್ತು. 1959ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಸದಸ್ಯರಾಗಲು ಬಯಸುವ ವಯಸ್ಕರು, ಅವರ ತಾತ-ಮುತ್ತಾತ ಯಾರೇ ಆಗಿರಲಿ, ತಾವೇ ಅರ್ಜಿ ಕೊಡಬೇಕು. ಇಬ್ಬರು ಸದಸ್ಯರು ಭೇಟಿಯಾಗಿ ಮಾತಾಡಿ, ಪ್ರದೇಶದ ಸಭೆಗೆ ವರದಿ ಕೊಡುತ್ತಾರೆ. ಸಭೆ ಒಪ್ಪಿದ ಮೇಲೆ ಹೆಸರು ಪುಸ್ತಕಕ್ಕೆ ಸೇರುತ್ತದೆ.